ಎರಿ ಭೂಮಿಯ ಮೇಲೆ ಕೃತಕ ಹುಲ್ಲು: ಮೊದಲು ನೀರಿನ ದಾರಿ ನೋಡಿ

ಈ ಸಲ ಬಂದ ಪತ್ರಗಳಲ್ಲಿ ಐದು ಒಂದೇ ವಿಷಯದ ಸುತ್ತ ಇದ್ದುದರಿಂದ ಅವನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ಕೇಳಿದವರು ಹುಬ್ಬಳ್ಳಿ, ಗದಗ, ಹಾವೇರಿ, ಧಾರವಾಡದ ಕಡೆಯವರು; ಹೆಚ್ಚಿನವರ ಕಾಲಡಿ ಇರುವುದು ಎರಿ ಭೂಮಿ, ಅಂದರೆ ಕಪ್ಪು ಜೇಡಿ ಮಣ್ಣಿನ ನೆಲ. ಹೆಸರು ಹಾಕಬೇಡಿರೆಂದು ಕೆಲವರು ಕೋರಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಹುಬ್ಬಳ್ಳಿಯ ಗೋಕುಲ ರಸ್ತೆಯ ಆಚೆಗಿನ ಹೊಸ ಬಡಾವಣೆಯಲ್ಲಿ ನಮ್ಮ ಮನೆ ಇದೆ. ಮುಂದಿನ ಅಂಗಳ 20 ಅಡಿ ಅಗಲ, 30 ಅಡಿ ಉದ್ದ. ನಿಜವಾದ ಹುಲ್ಲು ಎರಡು ಬೇಸಿಗೆ ಒಣಗಿಹೋದ ಮೇಲೆ ಕಳೆದ ವರ್ಷ ಏಪ್ರಿಲ್‌ನಲ್ಲಿ ಕೃತಕ ಹುಲ್ಲು ಹಾಸಿಸಿದೆವು. ಗುತ್ತಿಗೆದಾರರು ಮೇಲ್ಮಣ್ಣು ಸವರಿ, ಎರಡು ಇಂಚು ಕ್ರಷರ್ ಪುಡಿ ಹರಡಿ, ನೀರು ಚಿಮುಕಿಸಿ ಕುಟ್ಟಿ, ಅದರ ಮೇಲೆ ಹಾಸಿದರು. ಹಾಸುವ ಮೊದಲು ನಮ್ಮೆದುರಿಗೇ ಎರಡು ಕೊಡ ನೀರನ್ನು ಬರಿ ನೆಲಕ್ಕೆ ಸುರಿದು, ಅದು ಕ್ಷಣದಲ್ಲಿ ಇಂಗಿದ್ದನ್ನು ತೋರಿಸಿದ್ದರು. ಆದರೆ ಜುಲೈ ತಿಂಗಳಲ್ಲಿ ನೀರು ಇಳಿಯದೆ, ಕಾಲಿಟ್ಟಲ್ಲೆಲ್ಲ ಹುಲ್ಲು ತೂಗಾಡಲು ಶುರುವಾಯಿತು. ಕೊಳೆತ ವಾಸನೆಯೂ ಬಂತು. ಈಗ ಬೇಸಿಗೆಯಲ್ಲಿ ಕೆಳಗಿನ ಬಿರುಕುಗಳ ಗೆರೆ ಹುಲ್ಲಿನ ಮೇಲೆಯೇ ಕಾಣುತ್ತಿದೆ, ಅಂಚಿನ ಕಲ್ಲುಗಳು ಎರಡು ಬೆರಳಿನಷ್ಟು ಸರಿದಿವೆ. ಇನ್ನೂ ಆರು ಇಂಚು ತೋಡಿ ಖಡಿ (ಜಲ್ಲಿಕಲ್ಲು) ತುಂಬಿದರೆ ಎಲ್ಲ ಸರಿಹೋಗುತ್ತದೆ ಎಂದು ಅವರೇ ಹೇಳುತ್ತಿದ್ದಾರೆ. ಒಪ್ಪಬಹುದೇ?

ಉತ್ತರ: ಅಷ್ಟಕ್ಕೇ ಒಪ್ಪಬೇಡಿ. ತೋಡಿ ಖಡಿ ತುಂಬುವುದು ಬೇಕಾದ ಕೆಲಸವೇ ಹೌದು. ಆದರೆ ಆ ಖಡಿಯೊಳಗೆ ಸೇರಿದ ನೀರು ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಗುವವರೆಗೆ ಒಂದು ಬುಟ್ಟಿ ಮಣ್ಣನ್ನೂ ಎತ್ತಿಸಬೇಡಿ. ಎರಿ ನೆಲದಲ್ಲಿ ತೋಡಿದ ತಗ್ಗು ಮಳೆಗಾಲದಲ್ಲಿ ಬಾನಿಯಾಗುತ್ತದೆ. ಬಾನಿಗೆ ಕಲ್ಲು ತುಂಬಿದರೆ ಅದು ಕಲ್ಲು ತುಂಬಿದ ಬಾನಿಯಾಗುತ್ತದೆಯೇ ಹೊರತು ಸೋರುವುದಿಲ್ಲ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಕೆಲವು ವರ್ಷಗಳ ಹಿಂದೆ ಅಣ್ಣಿಗೇರಿಯ ಕಡೆಯ ಒಂದು ಮನೆಯ ಹಿತ್ತಲಿಗೆ ನಾನೇ ನಿಂತು ಒಂದು ಅಡಿ ತೋಡಿಸಿ, ಒಳ್ಳೆಯ ಖಡಿ ತುಂಬಿಸಿ, ಹಾಸಿಸಿದ್ದೆ. ನೀರು ಹೊರಹೋಗುವ ಪೈಪು ಮಾತ್ರ ಇಟ್ಟಿರಲಿಲ್ಲ, ಕೆಳಗೆ ಇಂಗೀತು ಎಂದುಕೊಂಡಿದ್ದೆ. ಹಸ್ತ ಮಳೆ ಹೊಡೆದ ಮರುವಾರ ಮನೆಯವರು ಕರೆಸಿದರು. ಒಂದು ಮೂಲೆಯಲ್ಲಿ ಹಾಸನ್ನು ಎತ್ತಿ ಕಬ್ಬಿಣದ ಸಲಾಕೆ ಇಳಿಸಿದೆ. ಖಡಿಯ ಪದರದಲ್ಲಿ ಸಲಾಕೆ ತಡೆಯಬೇಕಿತ್ತು, ತಡೆಯಲಿಲ್ಲ. ಮೇಲೆತ್ತಿದಾಗ ತುದಿಯಿಂದ ಒಂದು ಗೇಣಿನವರೆಗೆ ಕಪ್ಪು ಕೆಸರು ರಾಗಿ ಅಂಬಲಿಯ ಹಾಗೆ ಮೆತ್ತಿಕೊಂಡಿತ್ತು. ನಿಂತ ನೀರಿನಲ್ಲಿ ನೆನೆದು ಮಿದುವಾದ ಎರಿ, ಮೇಲೆ ಓಡಾಡುವವರ ಭಾರಕ್ಕೆ ಖಡಿಯ ಸಂದುಗಳೊಳಗೆ ಏರಿ ಬಂದಿತ್ತು, ಖಡಿ ಅದರೊಳಗೆ ಮುಳುಗಿತ್ತು. ಆ ಕೆಲಸವನ್ನು ನನ್ನ ಖರ್ಚಿನಲ್ಲಿ ಮತ್ತೆ ಮಾಡಿಸಿಕೊಡಬೇಕಾಯಿತು.

ನಿಮ್ಮ ಗುತ್ತಿಗೆದಾರರು ತೋರಿಸಿದ ಕೊಡದ ಪರೀಕ್ಷೆ ನಿಮ್ಮನ್ನೂ, ಬಹುಶಃ ಅವರನ್ನೂ ಮೋಸಗೊಳಿಸಿತು. ಎರಿ ಮಣ್ಣಿನಲ್ಲಿ ಹೆಚ್ಚಾಗಿರುವ ಮಾಂಟ್‌ಮೊರಿಲೊನೈಟ್ ಜಾತಿಯ ಜೇಡಿ ಖನಿಜವು ತನ್ನ ತೆಳು ಪದರಗಳ ನಡುವೆ ನೀರನ್ನು ಎಳೆದುಕೊಂಡು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ನವಲಗುಂದ, ನರಗುಂದದ ಹೊಲಗಳಲ್ಲಿ ಬೇಸಿಗೆಯ ಬಿರುಕಿನೊಳಗೆ ಊರುಗೋಲು ಇಳಿದುಹೋಗುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಏಪ್ರಿಲ್‌ನಲ್ಲಿ ಸುರಿದ ಎರಡು ಕೊಡ ನೀರು ಮಣ್ಣಿನೊಳಗೆ ಇಂಗಲಿಲ್ಲ, ಬಿರುಕಿನಲ್ಲಿ ಬಿದ್ದುಹೋಯಿತು. ಮೊದಲ ಒಂದೆರಡು ಮಳೆಯ ನೀರೂ ಹಾಗೆಯೇ ಒಳಗೆ ಹೋಗುತ್ತದೆ. ಆಮೇಲೆ ಮಣ್ಣು ಉಬ್ಬಿ ಬಿರುಕುಗಳ ಬಾಯಿ ಮುಚ್ಚಿದಾಗ ಅದೇ ನೆಲ ಗಾರೆ ಬಳಿದಂತಾಗುತ್ತದೆ. ಹೀಗೆ ನೀರನ್ನು ಬಿಡದೆ ಹಿಡಿದುಕೊಳ್ಳುವ ಗುಣದಿಂದಲೇ ನಮ್ಮ ಹಿಂಗಾರಿ ಜೋಳ, ಕಡಲೆಗಳು ಬರಿ ತೇವದ ಮೇಲೆ ಬೆಳೆಯುತ್ತವೆ. ಅಂಗಳಕ್ಕೆ ಮಾತ್ರ ಆ ಗುಣ ಶತ್ರು. ಆದ್ದರಿಂದ ಎರಿ ನೆಲದ ಇಂಗುವಿಕೆಯನ್ನು ಬೇಸಿಗೆಯಲ್ಲಿ ಅಳೆಯಬಾರದು. ಅಳೆಯಲೇಬೇಕೆಂದರೆ ಒಂದು ಅಡಿ ಆಳದ ಕುಣಿ ತೋಡಿ, ಎರಡು ದಿನ ಅದರಲ್ಲಿ ನೀರು ನಿಲ್ಲಿಸಿ ಮಣ್ಣನ್ನು ಪೂರ್ತಿ ನೆನೆಸಿ, ಮೂರನೆಯ ದಿನ ಮತ್ತೆ ತುಂಬಿಸಿ, ಸಂಜೆಯೊಳಗೆ ಎಷ್ಟು ಇಳಿಯಿತೆಂದು ಅಳತೆಪಟ್ಟಿ ಹಿಡಿದು ನೋಡಬೇಕು.

ಎರಡನೆಯ ತಪ್ಪು ಕ್ರಷರ್ ಪುಡಿ. ಅದು ಕುಟ್ಟಿದಾಗ ನುಣುಪಾಗಿ, ಗಟ್ಟಿಯಾಗಿ ಕೂಡುವುದರಿಂದ ಹಾಸುವವರಿಗೆ ಬಹಳ ಇಷ್ಟ. ಆದರೆ ಅದರಲ್ಲಿರುವ ಹಿಟ್ಟಿನಂಥ ಕಲ್ಲುಪುಡಿ ನೀರು ಬಿದ್ದಾಗ ಸಂದುಗಳನ್ನು ತುಂಬಿ ಹೆಚ್ಚುಕಡಿಮೆ ಗಚ್ಚಿನ ಹಾಗೆ ಆಗಿಬಿಡುತ್ತದೆ. ಹಾಸಿನ ಬೆನ್ನಿಗೆ ಎಷ್ಟು ರಂಧ್ರಗಳಿದ್ದರೇನು, ಅವುಗಳ ಕೆಳಗೆ ನೀರಿಗೆ ಜಾಗವೇ ಇಲ್ಲ.

ಇನ್ನು ಲೆಕ್ಕ ನೋಡೋಣ. 1 ಚದರ ಮೀಟರ್ ಜಾಗದ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. ನಿಮ್ಮ 600 ಚದರ ಅಡಿ ಎಂದರೆ ಸುಮಾರು 56 ಚದರ ಮೀಟರ್. ಮೇ ತಿಂಗಳ ಅಡ್ಡ ಮಳೆ ಒಂದು ತಾಸಿನಲ್ಲಿ 50 ಮಿಲಿಮೀಟರ್ ಸುರಿಯಿತು ಎಂದುಕೊಳ್ಳಿ. ಅಂಗಳದ ಮೇಲೆ ಬೀಳುವುದು ಸುಮಾರು 2,800 ಲೀಟರ್. 8 ಇಂಚು ದಪ್ಪ ಖಡಿ ಹಾಕಿದರೆ ಅದರ ಸಂದುಗಳು, ನೂರಕ್ಕೆ 35 ಪಾಲು ಎಂದು ಹಿಡಿದರೂ, 3,900 ಲೀಟರಿನಷ್ಟು ನೀರನ್ನು ಹಿಡಿಯಬಲ್ಲವು. ಅಂದರೆ ಅಂಥದೊಂದು ಮಳೆಯನ್ನು ಖಡಿ ನುಂಗಿಕೊಳ್ಳುತ್ತದೆ. ಎರಡನೆಯ ಮಳೆಗೆ ಮೊದಲು ಅದು ಖಾಲಿಯಾಗಿರಬೇಕು, ಖಾಲಿ ಮಾಡುವ ಕೆಲಸ ಪೈಪಿನದು. ಇಲ್ಲಿ ನೀವು ಬರೆಯದಿರುವ ಒಂದು ಸಂಗತಿಯನ್ನು ನಾನು ಕೇಳಬೇಕಾಗಿದೆ: ನಿಮ್ಮ ಮಾಳಿಗೆಯ ಮಳೆನೀರಿನ ಪೈಪು ಎಲ್ಲಿ ಬಿಡುತ್ತದೆ? ಹೊಸ ಬಡಾವಣೆಗಳ ಹತ್ತು ಮನೆಗಳಲ್ಲಿ ಏಳೆಂಟರಲ್ಲಿ ಅದು ಅಂಗಳಕ್ಕೇ ಬಿಟ್ಟಿರುವುದನ್ನು ಕಂಡಿದ್ದೇನೆ. ಮಾಳಿಗೆ 1,200 ಚದರ ಅಡಿ ಇದ್ದರೆ ಅದೇ ಮಳೆಗೆ ಅಲ್ಲಿಂದ 5,500 ಲೀಟರ್ ಇಳಿಯುತ್ತದೆ, ಅಂಗಳದ ಮೇಲೆ ಬಿದ್ದದ್ದರ ಎರಡು ಪಟ್ಟು. ಆ ಪೈಪನ್ನು ಟಾಕಿಗೋ ಗಟಾರಕ್ಕೋ ಬೇರೆಯಾಗಿಯೇ ಒಯ್ಯದಿದ್ದರೆ ಕೆಳಗಿನ ಯಾವ ಏರ್ಪಾಡೂ ಸಾಲುವುದಿಲ್ಲ.

ಆದ್ದರಿಂದ ಕೆಲಸವನ್ನು ಹೊರಗಿನಿಂದ ಒಳಕ್ಕೆ ಮಾಡಿಸಿ. ಮೊದಲು ಗೌಂಡಿಯಿಂದ ಲೆವೆಲ್ ಪೈಪು ಹಿಡಿಸಿ, ರಸ್ತೆ ಬದಿಯ ಗಟಾರದ ತಳ ನಿಮ್ಮ ಅಂಗಳದ ಮಟ್ಟಕ್ಕಿಂತ ಎಷ್ಟು ಕೆಳಗಿದೆ ಎಂದು ಬರೆದಿಟ್ಟುಕೊಳ್ಳಿ. ಒಂದೂವರೆ ಅಡಿಗಿಂತ ಹೆಚ್ಚು ತಗ್ಗಿದ್ದರೆ ನೀವು ಪುಣ್ಯವಂತರು, ತೋಡಿಯೇ ಮಾಡಬಹುದು. ಅಷ್ಟಿಲ್ಲದಿದ್ದರೆ ತೋಡುವುದನ್ನು ಕಡಿಮೆ ಮಾಡಿ, ಅಂಗಳವನ್ನೇ ಎತ್ತರಿಸಿ, ಖಡಿಯ ಪದರವನ್ನು ಈಗಿನ ನೆಲದ ಮೇಲೆ ಕಟ್ಟಿಸಬೇಕು. ಮನೆಯ ಹೊಸ್ತಿಲು ಮತ್ತು ಪಡಸಾಲೆಯ ಮಟ್ಟ ಇದಕ್ಕೆ ಆಸ್ಪದ ಕೊಡದಿದ್ದರೆ ಮೂಲೆಯಲ್ಲಿ ಒಂದು ಸಣ್ಣ ತೊಟ್ಟಿ ಕಟ್ಟಿ ಪಂಪು ಇಡುವುದೊಂದೇ ದಾರಿ. ಪಂಪು ನನಗೆ ಇಷ್ಟವಿಲ್ಲ, ಏಕೆಂದರೆ ಜೋರು ಮಳೆ ಮತ್ತು ಕರೆಂಟು ಹೋಗುವುದು ನಮ್ಮಲ್ಲಿ ಒಟ್ಟಿಗೇ ಬರುತ್ತವೆ.

ತೋಡಿದ ಮೇಲೆ ತಳವನ್ನು ಸಮತಟ್ಟಾಗಿ ಬಿಡುವುದು ಸಾಮಾನ್ಯವಾಗಿ ನಡೆಯುವ ಇನ್ನೊಂದು ತಪ್ಪು. ಇಳಿಜಾರು ಹುಲ್ಲಿಗಿಂತ ಮುಂಚೆ ಎರಿ ತಳಕ್ಕೇ ಬೇಕು, ಏಕೆಂದರೆ ನೀರು ನಿಜವಾಗಿ ಹರಿಯುವುದು ಆ ತಳದ ಮೇಲೆ. 100ಕ್ಕೆ 1ರಂತೆ ಹಿಡಿದರೆ ಮನೆಯ ಗೋಡೆಯಿಂದ 30 ಅಡಿ ದೂರದ ಕಾಂಪೌಂಡಿನವರೆಗೆ ಸುಮಾರು ಮೂರೂವರೆ ಇಂಚು ಇಳಿಯಬೇಕು, ಅದೂ ಮನೆಯಿಂದ ಹೊರಕ್ಕೆ. ಪಾಯದ ಪಕ್ಕದಲ್ಲಿ ಎರಡು ಮೂರು ಅಡಿ ಬಿಟ್ಟೇ ತೋಡಿಸಿ, ಆ ಪಟ್ಟಿಗೆ ಫರಸಿಯನ್ನೋ ಕಾಂಕ್ರೀಟನ್ನೋ ಇಳಿಜಾರಾಗಿ ಹಾಕಿಸಿ. ಪಾಯದ ಬುಡಕ್ಕೆ ನೀರು ಇಳಿದರೆ ಹುಲ್ಲಿನ ಮಾತು ಹಾಗಿರಲಿ, ಗೋಡೆಯೇ ಬಿರುಕು ಬಿಡುತ್ತದೆ. ತಳವನ್ನು ರೋಲರಿನಿಂದ ಒತ್ತಿಸಿದ ಮೇಲೆ ಕೃಷಿ ಹೊಂಡಕ್ಕೆ ಹಾಸುವ ದಪ್ಪ ಪಾಲಿಥೀನ್ ಹಾಳೆಯನ್ನು ಹಾಸಿ, ಅದರ ಮೇಲೆ 200 ಜಿಎಸ್‌ಎಂ (ಚದರ ಮೀಟರಿಗೆ 200 ಗ್ರಾಂ) ತೂಕದ, ನೇಯದ ಜಿಯೋಟೆಕ್ಸ್‌ಟೈಲ್ ಬಟ್ಟೆಯನ್ನು, ಅಂದರೆ ನೀರು ಬಿಟ್ಟು ಮಣ್ಣು ತಡೆಯುವ ಬಟ್ಟೆಯನ್ನು, ಹಾಸಿಸಿ. ಹಾಳೆ ಏಕೆಂದರೆ, ಎರಿಗೆ ನೀರೇ ತಾಗದಿದ್ದರೆ ಅದು ಉಬ್ಬುವುದು ಕಡಿಮೆ. ಬಟ್ಟೆ ಏಕೆಂದರೆ, ಖಡಿಯ ಮೊನೆ ಹಾಳೆಯನ್ನು ತೂತು ಮಾಡಬಾರದು. ಖರ್ಚು ಹೆಚ್ಚೆಂದು ಹಾಳೆಯನ್ನು ಬಿಟ್ಟವರನ್ನು ನಾನು ತಡೆಯುವುದಿಲ್ಲ, ಆದರೆ ಬಟ್ಟೆಯನ್ನು ಬಿಡಲು ಒಪ್ಪುವುದಿಲ್ಲ. ಕೆಸರು ಖಡಿಯೊಳಗೆ ಏರದಂತೆ ತಡೆಯುವುದು ಅದೊಂದೇ. ಎರಡು ತುಂಡುಗಳು ಕೂಡುವಲ್ಲಿ ಒಂದರ ಮೇಲೊಂದು ಒಂದು ಅಡಿ ಬರಲಿ.

ಕಾಂಪೌಂಡಿನ ಕಡೆಯ ತಗ್ಗಾದ ಅಂಚಿಗೆ ಅರ್ಧ ಅಡಿ ಆಳದ ಕಾಲುವೆ ತೆಗೆದು, ಹಾಳೆ ಮತ್ತು ಬಟ್ಟೆ ಅದರೊಳಗೂ ಇಳಿದು ಬರುವಂತೆ ಮಾಡಿ, 4 ಇಂಚಿನ ರಂಧ್ರದ ಪೈಪನ್ನು ರಂಧ್ರಗಳು ಕೆಳಮುಖವಾಗಿರುವಂತೆ ಮಲಗಿಸಿ, ಸುತ್ತ 20 ಮಿಲಿಮೀಟರ್ ಖಡಿ ತುಂಬಿಸಿ. ಅಂಗಳದ ನಡುವೆ ಅಂಥದೇ ಇನ್ನೊಂದು ಪೈಪು ಅಡ್ಡ ಬಂದರೆ ಒಳ್ಳೆಯದು. ಪೈಪಿನ ಒಂದು ತುದಿ ಮುಚ್ಚಳವಿಟ್ಟು ಮೇಲಕ್ಕೆ ಬರಲಿ, ಮುಂದೆ ನೀರು ಹಾಯಿಸಿ ತೊಳೆಯಲು ಬೇಕಾಗುತ್ತದೆ. ಇನ್ನೊಂದು ತುದಿ ಒಂದು ಚಿಕ್ಕ ಚೇಂಬರಿನ (ಮುಚ್ಚಳವಿರುವ ಗುಂಡಿಯ) ಮೂಲಕ ಗಟಾರ ಸೇರಲಿ. ಆಮೇಲೆ ಆರು ಇಂಚು 20ರಿಂದ 40 ಮಿಲಿಮೀಟರಿನ ತೊಳೆದ ಖಡಿ, ಮೂರು ಮೂರು ಇಂಚಿನಂತೆ ಒತ್ತುತ್ತ. ಮೇಲೆ ಎರಡು ಇಂಚು 6 ಮಿಲಿಮೀಟರಿನ ಚಿಪ್ಸ್. ನಿಮ್ಮ ಅಂಗಳಕ್ಕೆ ಒಟ್ಟು 400 ಘನ ಅಡಿ, ಅಂದರೆ 4 ಬ್ರಾಸ್ ಬೇಕಾಗುತ್ತದೆ: ಮೂರು ದಪ್ಪದ್ದು, ಒಂದು ಸಣ್ಣದು. ಟ್ರ್ಯಾಕ್ಟರ್ ಬಂದಾಗ ಒಂದು ಹಿಡಿ ಖಡಿಯನ್ನು ಬಕೆಟ್ಟಿನ ನೀರಿಗೆ ಹಾಕಿ ಕಲಕಿ ನೋಡಿ. ನೀರು ಹಾಲಿನಂತಾದರೆ ಹೇರನ್ನು ತಿರುಗಿಸಿ ಕಳುಹಿಸಿ, ಅಥವಾ ಅಲ್ಲಿಯೇ ತೊಳೆಸಿ.

ಹಾಸುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದನ್ನು ನಿಮ್ಮ ಗುತ್ತಿಗೆದಾರರು ಬಲ್ಲರು. ಸುರುಳಿಯನ್ನು ಕೆಲವು ತಾಸು ಬಿಸಿಲಿಗೆ ಬಿಚ್ಚಿಡಬೇಕು, ಎಲ್ಲ ಪಟ್ಟಿಗಳ ಎಳೆ ಒಂದೇ ಕಡೆಗೆ ಬಾಗಿರಬೇಕು, ಜೋಡಣೆಗೆ ಪಟ್ಟಿ ಮತ್ತು ಅಂಟು ಬಳಸಬೇಕು, ಒಣಗಿದ ಸಿಲಿಕಾ ಉಸುಕನ್ನು ಎಳೆಗಳ ನಡುವೆ ಬ್ರಷ್‌ನಿಂದ ಇಳಿಸಬೇಕು. ಹಳೆಯ ಹಾಸು ಹರಿದಿಲ್ಲದಿದ್ದರೆ ತೊಳೆದು ಒಣಗಿಸಿ ಅದನ್ನೇ ಮತ್ತೆ ಬಳಸಿ. ಹಾಳಾದದ್ದು ನೆಲ, ಹುಲ್ಲಲ್ಲ.

ಅಂಚಿನ ಕಲ್ಲುಗಳು ಸರಿದದ್ದಕ್ಕೆ ಎರಿಯ ಕುಗ್ಗುವಿಕೆಯೇ ಕಾರಣ. ಅವುಗಳನ್ನು ಕಾಂಪೌಂಡಿಗೆ ಸಿಮೆಂಟಿನಿಂದ ಬಿಗಿದು ಹಾಕಿಸಬೇಡಿ, ಅರ್ಧ ಇಂಚು ಸಂದು ಬಿಟ್ಟು ಗರಸಿನ (ಮೊರಂ ಮಣ್ಣಿನ) ಮೇಲೆ ಕೂಡಿಸಿ. ಇದೇ ಕಾರಣಕ್ಕೆ, ಕೆಳಗೆ ಕಾಂಕ್ರೀಟು ಹಾಕಿಬಿಡಿ, ಒಂದೇ ಸಲಕ್ಕೆ ಮುಗಿಯುತ್ತದೆ ಎನ್ನುವವರ ಮಾತನ್ನು ಕೇಳಬೇಡಿ. ತೆಳುವಾದ ಕಾಂಕ್ರೀಟು ಎರಿಯ ಮೇಲೆ ಒಂದೆರಡು ವರ್ಷದಲ್ಲಿ ಹಪ್ಪಳದಂತೆ ಮುರಿಯುತ್ತದೆ, ಖಡಿಯಾದರೋ ನೆಲದೊಂದಿಗೆ ಏರಿ ಇಳಿಯುತ್ತದೆ. ಕೆಲಸದ ಕಾಲವನ್ನೂ ಬದಲಿಸಿ. ನಮ್ಮ ಕಡೆ ಗೃಹಪ್ರವೇಶ, ಮದುವೆಗಳೆಲ್ಲ ಬೇಸಿಗೆಯಲ್ಲಿ ಬರುವುದರಿಂದ ಅಂಗಳದ ಕೆಲಸವನ್ನೂ ಆಗಲೇ ಹಿಡಿಯುತ್ತಾರೆ. ಪೂರ್ತಿ ಒಣಗಿ ಕುಗ್ಗಿದ ನೆಲದ ಮೇಲೆ ಕಟ್ಟಿದ್ದನ್ನೆಲ್ಲ ಅದು ಮಳೆಗಾಲದಲ್ಲಿ ಎತ್ತುತ್ತದೆ. ದೀಪಾವಳಿ ಕಳೆದು ಸಂಕ್ರಮಣದೊಳಗೆ, ಮಣ್ಣು ಕೆಸರೂ ಅಲ್ಲದೆ ಬಿರುಕೂ ಬಿಡದೆ ಹದವಾಗಿರುವಾಗ ಮಾಡಿಸಿದರೆ ಎರಡೂ ಕಡೆಯ ಏರಿಳಿತ ಅರ್ಧಕ್ಕೆ ಬರುತ್ತದೆ.

ಪ್ರಶ್ನೆ: ಗದಗ ತಾಲ್ಲೂಕಿನ ನಮ್ಮೂರ ಶಾಲೆಯ ಮೈದಾನ ಮಳೆಗಾಲದಲ್ಲಿ ಕೆಸರಿನ ಗದ್ದೆಯಾಗುತ್ತದೆ. ಹಳೆಯ ವಿದ್ಯಾರ್ಥಿಗಳು ಸೇರಿ ಹಣ ಕೂಡಿಸಿದ್ದೇವೆ. ಪೂರ್ತಿ ಮೈದಾನಕ್ಕೆ ಟರ್ಫ್ (ಕೃತಕ ಹುಲ್ಲು) ಹಾಕಿಸುವ ವಿಚಾರವಿದೆ. ತಮ್ಮ ಸಲಹೆ ಏನು?

ಉತ್ತರ: ನಿಮ್ಮ ಉತ್ಸಾಹಕ್ಕೆ ತಣ್ಣೀರು ಎರಚಬೇಕಾಗಿದೆ, ಕ್ಷಮಿಸಿ. ಹಾಕಿಸಬೇಡಿ.

ಕೃತಕ ಹುಲ್ಲು ಹುಟ್ಟಿದ್ದು ಬಯಲಿನ ಕಷ್ಟಕ್ಕಲ್ಲ ಎಂಬುದನ್ನು ಮರೆಯಬಾರದು. 1964ರಲ್ಲಿ ಅಮೆರಿಕದ ಪ್ರಾವಿಡೆನ್ಸ್ ನಗರದ ಒಂದು ಶಾಲೆಯಲ್ಲಿ ಅದನ್ನು ಮೊದಲು ಹಾಸಿದ್ದು ನಿಜವಾದರೂ, ಅದಕ್ಕೆ ಹೆಸರು ಬಂದದ್ದು 1966ರಲ್ಲಿ ಹ್ಯೂಸ್ಟನ್ನಿನ ಆಸ್ಟ್ರೋಡೋಮ್ ಎಂಬ ಛಾವಣಿಯುಳ್ಳ ಕ್ರೀಡಾಂಗಣದಿಂದ. ಅಲ್ಲಿ ಛಾವಣಿಯ ಮೂಲಕ ಬರುವ ಬೆಳಕು ಆಟಗಾರರ ಕಣ್ಣು ಕುಕ್ಕುತ್ತದೆಂದು ಬಣ್ಣ ಬಳಿದರು, ಬೆಳಕಿಲ್ಲದೆ ನಿಜವಾದ ಹುಲ್ಲು ಸತ್ತಿತು, ಅದರ ಜಾಗಕ್ಕೆ ಪ್ಲಾಸ್ಟಿಕ್ ಹುಲ್ಲು ಬಂದಿತು. ನೆರಳಿನಲ್ಲಿ ಹುಟ್ಟಿದ ಈ ವಸ್ತುವನ್ನು ನೀವು ಗದಗಿನ ಏಪ್ರಿಲ್ ಬಿಸಿಲಿಗೆ ಹಾಸಹೊರಟಿದ್ದೀರಿ. ಮಧ್ಯಾಹ್ನದ ಹೊತ್ತಿಗೆ ಅದರ ಮೇಲ್ಮೈ 60 ಡಿಗ್ರಿ ಸೆಲ್ಸಿಯಸ್ ದಾಟುವುದು ಅಪರೂಪವಲ್ಲ. ಬರಿಗಾಲಿನಲ್ಲಿ ಆಡುವ ನಮ್ಮ ಮಕ್ಕಳಿಗೆ ಅದು ಕಾದ ಹಂಚು. ನೀರು ಹೊಡೆದರೆ ತಣಿಯುತ್ತದೆ, ಆದರೆ ಸ್ವಲ್ಪ ಹೊತ್ತಿನಲ್ಲಿಯೇ ಮತ್ತೆ ಕಾಯುತ್ತದೆ. ಕುಡಿಯುವ ನೀರಿಗೇ ದಿನ ಎಣಿಸುವ ಊರಿನಲ್ಲಿ ಪ್ಲಾಸ್ಟಿಕ್ಕಿಗೆ ಟ್ಯಾಂಕರ್ ಹೊಡೆಯುವುದು ಯಾವ ನ್ಯಾಯ? ಎಳೆಗಳ ನಡುವೆ ತುಂಬುವ ಹಳೆಯ ಟೈರಿನ ರಬ್ಬರ್ ಹರಳುಗಳ ಸಂಗತಿ ಬೇರೆಯೇ ಇದೆ. ಅವು ಸೂಕ್ಷ್ಮ ಪ್ಲಾಸ್ಟಿಕ್ಕಾಗಿ ಮಣ್ಣು, ನೀರು ಸೇರುತ್ತವೆಂಬ ಕಾರಣಕ್ಕೆ ಯುರೋಪಿಯನ್ ಒಕ್ಕೂಟವು 2023ರಲ್ಲಿ ನಿಯಮ ಮಾಡಿ, ಅವುಗಳ ಮಾರಾಟ ನಿಲ್ಲಿಸಲು 8 ವರ್ಷಗಳ ಗಡುವು ಕೊಟ್ಟಿದೆ. ನಾವು ಈಗ ಅದನ್ನು ಶಾಲೆಗೆ ತರುವುದು ಜಾಣತನವಲ್ಲ.

ನಿಮ್ಮ ತೊಂದರೆ ಕೆಸರು. ಕೆಸರಿಗೆ ಮದ್ದು ಚರಂಡಿ ಮತ್ತು ಗರಸು. ಮೈದಾನದ ಸುತ್ತ ಎರಡು ಅಡಿ ಆಳದ ತೆರೆದ ಗಟಾರ ತೆಗೆಸಿ, ಹೊರಗಿನ ನೀರು ಒಳಗೆ ಬರದಂತೆ ಮಾಡಿ. ನೆಲವನ್ನು ನಡುವೆ ಉಬ್ಬಿಸಿ ಎರಡೂ ಕಡೆಗೆ ಇಳಿಜಾರು ಕೊಡಿಸಿ. ಅದರ ಮೇಲೆ ಒಂದು ಅಡಿ ಗರಸನ್ನು ಎರಡು ಮೂರು ಪದರಗಳಲ್ಲಿ ನೀರು ಹಾಕಿ ರೋಲರ್ ಹೊಡೆಸಿ, ಕೊನೆಗೆ ಎರಡು ಇಂಚು ಮಸಾರಿ (ಕೆಂಪು) ಮಣ್ಣು ಹರಡಿಸಿ. ಕಬಡ್ಡಿ, ಖೋಖೋ, ಓಟ ಎಲ್ಲಕ್ಕೂ ಇದು ಸಾಕು. ಪ್ರತಿ ವರ್ಷ ಒಂದೆರಡು ಟ್ರ್ಯಾಕ್ಟರ್ ಮಸಾರಿ ಮತ್ತೆ ಹಾಕಬೇಕಾಗುತ್ತದೆ, ಅದಕ್ಕೆ ಈಗಲೇ ಸ್ವಲ್ಪ ಹಣ ತೆಗೆದಿಡಿ. ಉಳಿದದ್ದರಲ್ಲಿ ಮೈದಾನದ ಅಂಚಿಗೆ ಬೇವು, ಹೊಂಗೆ ನೆಡಿಸಿ.

ಪ್ರಶ್ನೆ: ರಾಣೇಬೆನ್ನೂರಿನ ಹತ್ತಿರ ಹೆದ್ದಾರಿಗೆ ತಾಗಿ ನಮ್ಮ 20 ಗುಂಟೆ ಎರಿ ಹೊಲವಿದೆ. ತಮ್ಮನ ಮಗ ಅದರಲ್ಲಿ ಬಾಕ್ಸ್ ಕ್ರಿಕೆಟ್ (ಸುತ್ತ ಬಲೆ ಕಟ್ಟಿದ ಸಣ್ಣ ಜಾಗದ ಕ್ರಿಕೆಟ್) ಟರ್ಫ್ ಮಾಡಬೇಕೆನ್ನುತ್ತಾನೆ. ಎರಡು ಅಡಿ ಗರಸು ಏರಿಸಿದರೆ ಎರಿಯ ಕಾಟ ತಪ್ಪುತ್ತದೆ ಎಂಬುದು ಅವನ ಲೆಕ್ಕ. ಬಲೆಯ ಕಂಬಗಳನ್ನು ಎಷ್ಟು ಆಳಕ್ಕೆ ಹಾಕಬೇಕು?

ಉತ್ತರ: ಹುಡುಗನ ಲೆಕ್ಕ ಸರಿಯಾದ ದಿಕ್ಕಿನಲ್ಲಿದೆ, ಪೂರ್ತಿ ಮುಟ್ಟಿಲ್ಲ. ಉಬ್ಬುವ ಮಣ್ಣಿನ ಮೇಲೆ, ತಾನು ಉಬ್ಬದ ಆದರೆ ಕಣಕಣ ಹಿಡಿದುಕೊಂಡಿರುವ ಮಣ್ಣಿನ ಪದರವನ್ನು ಹೇರಿದರೆ ಕೆಳಗಿನ ಉಬ್ಬರ ಅಡಗುತ್ತದೆ ಎಂಬುದನ್ನು ಬಾಂಬೆ ಐಐಟಿಯ ಪ್ರಾಧ್ಯಾಪಕ ಆರ್.ಕೆ. ಕಟ್ಟಿಯವರು 1970ರ ದಶಕದಲ್ಲಿ ಪ್ರಯೋಗಗಳಿಂದ ತೋರಿಸಿಕೊಟ್ಟರು. ಎರಿ ಭೂಮಿಯ ಕಾಲುವೆಗಳಿಗೆ ಗಚ್ಚು ಹಾಕುವಾಗ ಇದನ್ನು ಬಳಸುತ್ತಾರೆ. ಆದರೆ ಉಬ್ಬರ ಪೂರ್ತಿ ಅಡಗಲು ಆ ಪದರ ಸುಮಾರು 1 ಮೀಟರ್ ಬೇಕು, ಮತ್ತು ಅದು ಒಳ್ಳೆಯ ಜಿಗುಟಿರುವ ಗರಸಾಗಿರಬೇಕು, ಉಸುಕು ನಡೆಯುವುದಿಲ್ಲ. ಎರಡು ಅಡಿ ಹಾಕಿದರೆ ಏರಿಳಿತ ಗಣನೀಯವಾಗಿ ತಗ್ಗುತ್ತದೆ, ನಿಲ್ಲುವುದಿಲ್ಲ. ಆಟದ ನೆಲಕ್ಕೆ ಅಷ್ಟು ಸಾಕೆಂದು ನಾನು ಹೇಳುತ್ತೇನೆ. ವರ್ಷಕ್ಕೊಮ್ಮೆ ಒಂದೆರಡು ಕಡೆ ಹಾಸನ್ನು ಎತ್ತಿ ಚಿಪ್ಸ್ ಸರಿಪಡಿಸುವ ಕೆಲಸವನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಇಳಿಯಿರಿ.

ಕಂಬಗಳ ವಿಷಯದಲ್ಲಿ ಮಾತ್ರ ಇಂಥ ಉದಾರತೆ ಸಲ್ಲದು. ಎರಿಯಲ್ಲಿ ಋತುವಿನೊಂದಿಗೆ ಉಬ್ಬಿ ಕುಗ್ಗುವುದು ಮೇಲಿನ ಪದರ. ಮೂರು ನಾಲ್ಕು ಅಡಿಯ ಕುಣಿಯಲ್ಲಿ ಕಾಂಕ್ರೀಟು ಹಾಕಿ ನಿಲ್ಲಿಸಿದ ಕಂಬ ಆ ಪದರದಲ್ಲಿಯೇ ತೇಲುತ್ತಿರುತ್ತದೆ. ಮೇಲೆ ಬಲೆ ಗಾಳಿಗೆ ಎಳೆಯುತ್ತದೆ, ಕೆಳಗೆ ನೆಲ ಸಡಿಲಿಸುತ್ತದೆ, ಎರಡನೆಯ ವರ್ಷಕ್ಕೆ ಕಂಬಗಳು ಒಂದೊಂದು ಒಂದೊಂದು ಕಡೆಗೆ ವಾಲುತ್ತವೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಎರಿ ಭೂಮಿಗಾಗಿಯೇ ರೂಢಿಗೆ ತಂದ, ಬುಡದಲ್ಲಿ ಗಡಿಗೆಯಂತೆ ಅಗಲವಾಗುವ ಅಂಡರ್‌ರೀಮ್ಡ್ ಪೈಲುಗಳನ್ನು (ನೆಲದೊಳಗಿನ ಕಾಂಕ್ರೀಟು ಕಂಬಗಳನ್ನು) ಕನಿಷ್ಠ 3.5 ಮೀಟರ್ ಆಳಕ್ಕೆ ಇಳಿಸುವುದು ವಾಡಿಕೆ. ಮೂಲೆಯ ನಾಲ್ಕು ಕಂಬಗಳಿಗೆ ಮತ್ತು ದೀಪದ ಕಂಬಗಳಿಗಾದರೂ ಅದನ್ನೇ ಹಾಕಿಸಿ, ಮತ್ತು ಎತ್ತರವನ್ನು ನೋಡಿ ಕಬ್ಬಿಣದ ಲೆಕ್ಕ ಹಾಕಿಕೊಡಲು ಒಬ್ಬ ಸ್ಟ್ರಕ್ಚರಲ್ ಎಂಜಿನಿಯರರಿಗೆ ಹಣ ಕೊಡಿ.

ನೀರಿನ ದಾರಿಯ ಬಗ್ಗೆ ನಿಮ್ಮ ಪತ್ರದಲ್ಲಿ ಒಂದಕ್ಷರವೂ ಇಲ್ಲ. 100 ಅಡಿ ಉದ್ದ, 60 ಅಡಿ ಅಗಲದ ಆಟದ ಜಾಗದ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ 28 ಸಾವಿರ ಲೀಟರ್ ನೀರು. ಹೆದ್ದಾರಿ ಬದಿಯ ಗಟಾರಕ್ಕೆ ಕೇಳದೆ ಬಿಡುವಂತಿಲ್ಲ. ಬದುವಿನಾಚೆ ಬಿಟ್ಟರೆ ಪಕ್ಕದ ಹೊಲದವರ ಮೆಣಸಿನಕಾಯಿಯೋ ಗೋವಿನಜೋಳವೋ ನಿಂತ ನೀರಿನಲ್ಲಿ ಕೊಳೆಯುತ್ತದೆ, ಆಮೇಲೆ ಪಂಚಾಯಿತಿ ಕಟ್ಟೆಯಲ್ಲಿ ಮಾತು. ನಿಮಗೆ ಜಾಗ ಉಳಿಯುತ್ತದೆ. ತಗ್ಗಿನ ಮೂಲೆಯಲ್ಲಿ ಕೃಷಿ ಹೊಂಡ ತೆಗೆಸಿ, ಮೀನಿನ ಮುಳ್ಳಿನ ಹಾಗೆ 15ರಿಂದ 20 ಅಡಿಗೊಂದರಂತೆ ಓರೆಯಾಗಿ ಬರುವ 4 ಇಂಚಿನ ರಂಧ್ರದ ಪೈಪುಗಳನ್ನು ನಡುವಿನ 6 ಇಂಚಿನ ಪೈಪಿಗೆ ಕೂಡಿಸಿ, ಅದನ್ನು ಹೊಂಡಕ್ಕೆ ಬಿಡಿ. ಹೊಂಡದ ಸುತ್ತ ಬೇಲಿ ಇರಲಿ, ಚೆಂಡು ಹುಡುಕಿಕೊಂಡು ಮಕ್ಕಳು ಇಳಿಯುತ್ತಾರೆ. ಆ ನೀರು ನಿಮ್ಮ ಉಳಿದ ಜಾಗದ ಗಿಡಗಳಿಗೆ ಆಗುತ್ತದೆ. ರಬ್ಬರ್ ಹರಳು ಹಾಕದೆ ಬರಿ ಉಸುಕು ತುಂಬಿಸಿದರೆ ಆ ನೀರಿನ ಬಗ್ಗೆ ಅಳುಕೂ ಇರುವುದಿಲ್ಲ.

ಇನ್ನೊಂದು ಮಾತು. ಹೊಲವನ್ನು ಆಟದ ವ್ಯಾಪಾರಕ್ಕೆ ಬಳಸುವ ಮೊದಲು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೆಯ ಕಲಮಿನಂತೆ ಕೃಷಿಯೇತರ ಬಳಕೆಗೆ ಪರಿವರ್ತನೆ ಆಗಬೇಕು. ಗರಸು ಹೇರಿಸುವುದಕ್ಕಿಂತ ಮುಂಚೆ ಆ ಕಾಗದ ಕೈಯಲ್ಲಿರಲಿ.

ಪ್ರಶ್ನೆ: ನಮ್ಮದು ಧಾರವಾಡದ ಪಶ್ಚಿಮಕ್ಕೆ, ಹಳಿಯಾಳ ರಸ್ತೆಯ ಕಡೆ. ಮಣ್ಣು ಕೆಂಪಗಿದೆ. ನಮಗೂ ಇಷ್ಟೆಲ್ಲ ಬೇಕೇ?

ಉತ್ತರ: ಬಹುಶಃ ಬೇಡ. ಬಣ್ಣವನ್ನು ನಂಬಿ ಮಾತ್ರ ತೀರ್ಮಾನಿಸಬೇಡಿ, ಏಕೆಂದರೆ ಮನೆ ಕಟ್ಟುವಾಗ ಹೊರಗಿನಿಂದ ತಂದು ಏರಿಸಿದ ಕೆಂಪು ಮಣ್ಣಿನ ಕೆಳಗೆ ಬೇರೆಯೇ ಮಣ್ಣು ಇರಬಹುದು. ಎರಡು ಅಡಿ ಆಳದಿಂದ ಒಂದು ಹಿಡಿ ಮಣ್ಣು ತೆಗೆದು, ಒಣಗಿಸಿ, ಕುಟ್ಟಿ, ತೆಳು ಬಟ್ಟೆಯಲ್ಲಿ ಸೋಸಿ. ಗೆರೆ ಹಾಕಿದ ಎರಡು ಗಾಜಿನ ಜಾಡಿಗಳಿಗೆ ತಲಾ 10 ಗ್ರಾಂ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ, ಕಲಕಿ, ಒಂದು ದಿನ ಬಿಡಿ. ಸೀಮೆಎಣ್ಣೆಯಲ್ಲಿ ಜೇಡಿ ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ಎರಡರ ಮಟ್ಟದ ವ್ಯತ್ಯಾಸವೇ ಮಣ್ಣಿನ ಸ್ವಭಾವ. ಸೀಮೆಎಣ್ಣೆಯ ಜಾಡಿಯಲ್ಲಿ 10 ಗೆರೆಗೆ ಕೂತ ಮಣ್ಣು ನೀರಿನ ಜಾಡಿಯಲ್ಲಿ 15 ಗೆರೆ ದಾಟಿದರೆ, ಅಂದರೆ ಉಬ್ಬರ ಶೇ 50ಕ್ಕಿಂತ ಹೆಚ್ಚಿದ್ದರೆ, ಮೇಲೆ ಹುಬ್ಬಳ್ಳಿಯವರಿಗೆ ಹೇಳಿದ್ದು ನಿಮಗೂ ಅನ್ವಯಿಸುತ್ತದೆ. ಎರಡೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದರೆ ನಾಲ್ಕು ಇಂಚು ಖಡಿ, ಅದರ ಕೆಳಗೆ ಬಟ್ಟೆ, ತಗ್ಗಿನ ಕಡೆಗೆ ಒಂದೇ ಪೈಪು ಸಾಕು. ನಿಮ್ಮ ಕಡೆ ಹುಬ್ಬಳ್ಳಿಗಿಂತ ಮಳೆ ಹೆಚ್ಚು, ನೆರಳೂ ಹೆಚ್ಚು. ಆದ್ದರಿಂದ ಪಾಚಿ ಕಟ್ಟದಂತೆ ಬಿದ್ದ ಎಲೆಗಳನ್ನು ವಾರಕ್ಕೊಮ್ಮೆ ಗುಡಿಸಿ.

ಪ್ರಶ್ನೆ: ಹಾವೇರಿಯಲ್ಲಿ ನಾವು ಪೈಪು, ಬಟ್ಟೆ, ಖಡಿ ಎಲ್ಲವನ್ನೂ ಹಾಕಿಸಿಯೇ ಹುಲ್ಲು ಹಾಸಿಸಿದ್ದೇವೆ. ಒಳಗೆ ಎಲ್ಲ ಸರಿಯಾಗಿದೆಯೇ ಎಂದು ಹುಲ್ಲು ಎತ್ತದೆ ತಿಳಿಯುವುದು ಹೇಗೆ?

ಉತ್ತರ: ಚೇಂಬರಿನ ಮುಚ್ಚಳ ತೆಗೆದು ನೋಡಿ. ಜೋರು ಮಳೆ ಶುರುವಾಗಿ ಕಾಲು ತಾಸಿನೊಳಗೆ ಪೈಪಿನ ಬಾಯಲ್ಲಿ ನೀರು ಕಾಣಬೇಕು, ಮಳೆ ನಿಂತ ಮೇಲೂ ಕೆಲವು ತಾಸು ಸಣ್ಣಗೆ ಹರಿಯುತ್ತಿರಬೇಕು. ಮೊದಲ ಒಂದೆರಡು ಮಳೆಗೆ ಖಡಿಯ ಪುಡಿ ತೊಳೆದು ಬೂದಿ ಬಣ್ಣದ ನೀರು ಬರುವುದು ಸಹಜ, ಆಮೇಲೆ ತಿಳಿಯಾಗಬೇಕು. ಮೂರನೆಯ, ನಾಲ್ಕನೆಯ ಮಳೆಯಲ್ಲಿಯೂ ಕಪ್ಪಾದ ನೀರೇ ಬರುತ್ತಿದ್ದರೆ ಬಟ್ಟೆ ಎಲ್ಲಿಯೋ ಹರಿದು ಎರಿ ಒಳಗೆ ಬರುತ್ತಿದೆ ಎಂದರ್ಥ. ಬಟ್ಟೆ ಹರಿಯುವುದು ಹೆಚ್ಚಾಗಿ ಪೈಪು ಚೇಂಬರನ್ನು ಸೇರುವ ಜಾಗದಲ್ಲಿಯೇ; ಮೊದಲು ಅಲ್ಲಿ ಎರಡು ಅಡಿ ಬಿಚ್ಚಿಸಿ ನೋಡಿ.